ನೀರಿನ ಲೋಹ ಅಳೆಯಲು ಯಾವ ಸ್ಯಾಂಪ್ಲರ್? ಡಿಜಿಟಿ, ಪೀಪರ್, ಕೆಮ್‌ಕ್ಯಾಚರ್, ಪಚ್ಚಿಲೆ: ದುಡ್ಡು ಹಾಕುವ ಮೊದಲು

ಕೆರೆ, ಹೊಳೆ, ಅಳಿವೆಯ ನೀರಿನಲ್ಲಿ ಸೀಸ, ತಾಮ್ರ, ಕ್ಯಾಡ್ಮಿಯಂ ಅಳೆಯಬೇಕು ಅಂತ ಹೊರಟವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. "ಬಾಟಲಿಯಲ್ಲಿ ನೀರು ತುಂಬಿ ತಂದರೆ ಸಾಕಾ, ಇಲ್ಲ ಡಿಜಿಟಿ ಹಾಕಲೇಬೇಕಾ? ಪೀಪರ್ ಅಂತಾರಲ್ಲ, ಅದು ನಮಗೆ ಬೇಕಾ?" ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುವ ಹುಡುಗರು ಕೇಳುತ್ತಾರೆ. ಪಿಎಚ್‌.ಡಿ.ಗೆ ಈಗಷ್ಟೇ ಸೇರಿದವರು ಕೇಳುತ್ತಾರೆ. ತಮ್ಮ ಬಡಾವಣೆಯ ಕೆರೆ ಉಳಿಸಿಕೊಳ್ಳಲು ಓಡಾಡುತ್ತಿರುವ ಹಿರಿಯರೂ ಕೇಳುತ್ತಾರೆ. ಎಲ್ಲರ ಕೈಯಲ್ಲೂ ಇರುವ ದುಡ್ಡು ಕಡಿಮೆ. ಒಂದು ಸಲ ತಪ್ಪು ಸಾಧನ ಕೊಂಡರೆ ಇಡೀ ವರ್ಷದ ಕೆಲಸ ಹಾಳು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಡಿಜಿಟಿ, ಪೀಪರ್ ಇವೆಲ್ಲ ಪ್ಯಾಸಿವ್ ಸ್ಯಾಂಪ್ಲರುಗಳು. ಪ್ಯಾಸಿವ್ ಸ್ಯಾಂಪ್ಲರ್ ಅಂದರೆ ಪಂಪು, ಬ್ಯಾಟರಿ ಏನೂ ಇಲ್ಲದೆ ನೀರಿನಲ್ಲಿ ಸುಮ್ನೆ ಮುಳುಗಿ ಕೂತು, ಲೋಹವನ್ನು ತಾನಾಗಿಯೇ ಹಿಡಿದಿಟ್ಟುಕೊಳ್ಳುವ ಸಾಧನ. ಕೆಲವು ದಿನ ಬಿಟ್ಟು ತೆಗೆದು, ಹಿಡಿದದ್ದು ಎಷ್ಟು ಅಂತ ಲ್ಯಾಬಿನಲ್ಲಿ ಅಳೆಯುತ್ತೇವೆ. ಇದರಲ್ಲಿ ಹಲವು ಬಗೆ ಇವೆ. ಆದರೆ ಇವೆಲ್ಲ ಒಂದೇ ಕೆಲಸವನ್ನು ಬೇರೆ ಬೇರೆ ಬೆಲೆಗೆ ಮಾಡಿಕೊಡುವ ಸಾಧನಗಳಲ್ಲ. ಒಂದೊಂದೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತದೆ. ನಿಮ್ಮ ಪ್ರಶ್ನೆ ಯಾವುದು ಅನ್ನುವುದು ಗೊತ್ತಾದರೆ ಆಯ್ಕೆ ಮುಕ್ಕಾಲು ಪಾಲು ಮುಗಿದ ಹಾಗೆ.

ಮೊದಲು ಕೇಳಿಕೊಳ್ಳಬೇಕಾದದ್ದು

ನೀರಿನಲ್ಲಿರುವ ತಾಮ್ರ ಎಲ್ಲವೂ ಒಂದೇ ರೂಪದಲ್ಲಿ ಇರುವುದಿಲ್ಲ. ಒಂದಿಷ್ಟು ಜೇಡಿಮಣ್ಣಿನ ಕಣಗಳಿಗೆ ಅಂಟಿಕೊಂಡಿರುತ್ತದೆ. ಒಂದಿಷ್ಟು ಕೊಳೆತ ಎಲೆ, ಚರಂಡಿಯ ಸಾವಯವ ವಸ್ತುಗಳ ಜೊತೆ ಬಿಗಿಯಾಗಿ ಬೆಸೆದುಕೊಂಡಿರುತ್ತದೆ. ಒಂದಿಷ್ಟು ಸಡಿಲವಾಗಿ ಕಟ್ಟಿಕೊಂಡು ಬೇಗ ಬಿಡಿಸಿಕೊಳ್ಳುವ ಸ್ಥಿತಿಯಲ್ಲಿರುತ್ತದೆ. ಉಳಿದ ಸಣ್ಣ ಪಾಲು ಮಾತ್ರ ಒಂಟಿ ಅಯಾನು. ಮೀನಿನ ಕಿವಿರಿಗೆ, ಪಾಚಿಯ ಜೀವಕೋಶಕ್ಕೆ ತಾಗುವುದು ಮುಖ್ಯವಾಗಿ ಕೊನೆಯ ಎರಡು ಪಾಲು. ನಿಮಗೆ ಬೇಕಾದದ್ದು ಒಟ್ಟು ಲೋಹವೋ, ಕರಗಿದ ಲೋಹವೋ, ಸಡಿಲವಾದದ್ದೋ, ಒಂಟಿ ಅಯಾನು ಮಾತ್ರವೋ? ಇದು ಮೊದಲ ಪ್ರಶ್ನೆ. ಮಿಕ್ಕಿದ್ದೆಲ್ಲ ಇದರ ಹಿಂದೆ ಬರುತ್ತದೆ.

ಎರಡನೆಯದು ಸಮಯ. ಒಂದು ಗಳಿಗೆಯ ಲೆಕ್ಕ ಬೇಕಾ, ಒಂದು ವಾರದ ಸರಾಸರಿ ಬೇಕಾ? ಮೂರನೆಯದು ಜಾಗ: ಹರಿಯುವ ನೀರಾ, ನಿಂತ ಕೆರೆಯಾ, ಉಪ್ಪುನೀರಾ, ತಳದ ಹೂಳಾ? ನಾಲ್ಕನೆಯದು ಯಾವ ಲೋಹ ಅನ್ನುವುದು. ತಾಮ್ರ, ಸತುವಿಗೆ ಹೊಂದುವ ಸಾಧನ ಆರ್ಸೆನಿಕ್‌ಗೆ ಹೊಂದುವುದಿಲ್ಲ. ಐದನೆಯದು ದುಡ್ಡು ಮತ್ತು ಲ್ಯಾಬು.

ಆರನೆಯದನ್ನು ಯಾರೂ ಕೇಳಿಕೊಳ್ಳುವುದಿಲ್ಲ, ಆದರೆ ತುಂಬಾ ಮುಖ್ಯ. ಬಂದ ಸಂಖ್ಯೆಯನ್ನು ಯಾರಿಗೆ ತೋರಿಸುತ್ತೀರಿ? ಭಾರತದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಇದೆಯಲ್ಲ, ಅದರಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಕ್ಯಾಡ್ಮಿಯಂ ಮಿತಿ 0.003 ಮಿಲಿಗ್ರಾಂ. ಈ ಮಿತಿಗಳು ಬಾಟಲಿಯಲ್ಲಿ ತಂದ ನೀರಿಗೆ ಹೇಳಿದವು. ಪ್ಯಾಸಿವ್ ಸ್ಯಾಂಪ್ಲರಿನ ಸಂಖ್ಯೆಯನ್ನು ಇದರ ಪಕ್ಕ ಇಟ್ಟು "ಮಿತಿಯೊಳಗಿದೆ" ಅಂತ ಹೇಳುವಂತಿಲ್ಲ. ಅದು ಲೋಹದ ಒಂದು ಪಾಲನ್ನು ಮಾತ್ರ ಹೇಳುತ್ತದೆ. ಕಚೇರಿಗೆ ದೂರು ಕೊಡಲು ಹೊರಟಿದ್ದರೆ ಬಾಟಲಿ ನೀರಿನ ವರದಿ ಬೇಕೇ ಬೇಕು.

ಯುರೋಪಿನಲ್ಲಿ ಪರಿಸ್ಥಿತಿ ಸ್ವಲ್ಪ ಬೇರೆ. ಅಲ್ಲಿನ 2013ರ ನಿರ್ದೇಶನದಲ್ಲಿ ಒಳನಾಡಿನ ನೀರಿಗೆ ಲೀಟರಿಗೆ ನಿಕ್ಕಲ್ 4, ಸೀಸ 1.2 ಮೈಕ್ರೋಗ್ರಾಂ ಎಂಬ ವಾರ್ಷಿಕ ಸರಾಸರಿ ಮಿತಿ ಇದೆ. ಅದನ್ನು ಜೀವಿಗಳಿಗೆ ದಕ್ಕುವ ಪಾಲಿಗೆ ಅಂತಲೇ ಹೇಳಿದ್ದಾರೆ. ಮೇಲ್ಮೈ ನೀರಿನ ಪ್ಯಾಸಿವ್ ಸ್ಯಾಂಪ್ಲಿಂಗಿಗೆ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 5667ರ 23ನೇ ಭಾಗ 2011ರಲ್ಲೇ ಬಂದಿದೆ.

ಬಾಟಲಿ ನೀರು

ಇದು ಪ್ಯಾಸಿವ್ ಅಲ್ಲ, ಆದರೂ ಹೋಲಿಕೆಗೆ ಬೇಕು. ಆಸಿಡ್‌ನಲ್ಲಿ ತೊಳೆದ ಬಾಟಲಿ, 0.45 ಮೈಕ್ರಾನ್ ಫಿಲ್ಟರ್, ಪಿಎಚ್ 2ಕ್ಕಿಂತ ಕೆಳಗೆ ಇಳಿಸುವಷ್ಟು ಶುದ್ಧ ನೈಟ್ರಿಕ್ ಆಸಿಡ್. ಇಷ್ಟಿದ್ದರೆ ಆಯ್ತು. ಸೋಸದ್ದು ಒಟ್ಟು ಲೋಹ, ಸೋಸಿದ್ದು ಕರಗಿದ ಲೋಹ. ಖರ್ಚು ಕಡಿಮೆ, ಕಾನೂನು ಒಪ್ಪುತ್ತದೆ.

ತೊಂದರೆ ಏನು ಅಂದರೆ ಅದು ಒಂದು ಗಳಿಗೆಯ ಚಿತ್ರ. ಬೆಂಗಳೂರಿನ ವೃಷಭಾವತಿಯನ್ನೇ ತೆಗೆದುಕೊಳ್ಳಿ. ಪೀಣ್ಯದ ಕಡೆಯ ಕೈಗಾರಿಕೆಗಳ ನೀರು, ಊರಿನ ಚರಂಡಿ ಎಲ್ಲವನ್ನೂ ಹೊತ್ತು ಕೆಂಗೇರಿ ದಾಟಿ ಬೈರಮಂಗಲ ಕೆರೆ ಕಡೆಗೆ ಹೋಗುವ ಹೊಳೆ ಅದು. ಅಂಥ ನೀರಿನ ಗುಣ ಬೆಳಿಗ್ಗೆ ಇದ್ದಂತೆ ರಾತ್ರಿ ಇರುವುದಿಲ್ಲ. ಲೋಹ ಲೇಪನದ ಘಟಕವೊಂದು ರಾತ್ರಿ ತೊಟ್ಟಿ ಖಾಲಿ ಮಾಡಿತು ಅಂದುಕೊಳ್ಳಿ. ಬೆಳಿಗ್ಗೆ ಹತ್ತಕ್ಕೆ ಬಾಟಲಿ ತುಂಬುವ ನಿಮಗೆ ಅದರ ಸುಳಿವೂ ಸಿಗುವುದಿಲ್ಲ.

ಇನ್ನೊಂದು ಮಾತು. ಕೆರೆ ಗುಂಪಿನವರು ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣವನ್ನು ಒಟ್ಟಾರೆ ತೋರಿಸುವ ಸಾಧನ) ಹಿಡಿದು ಓಡಾಡುವುದನ್ನು ನೋಡಿದ್ದೇನೆ. ಆ ಕಾಳಜಿಗೆ ಕೈ ಮುಗಿಯಬೇಕು. ಆದರೆ ಲೀಟರಿಗೆ 500 ಮಿಲಿಗ್ರಾಂ ಲವಣ ಇರುವ ನೀರಿನಲ್ಲಿ 0.01 ಮಿಲಿಗ್ರಾಂ ಸೀಸ ಅಂದರೆ ಐವತ್ತು ಸಾವಿರದಲ್ಲಿ ಒಂದು ಪಾಲು. ಅದು ಆ ಮೀಟರಿಗೆ ಕಾಣುವುದೇ ಇಲ್ಲ.

ಡಿಜಿಟಿ: ಹೆಚ್ಚಿನವರಿಗೆ ಇದೇ ಸರಿ, ಆದರೆ ಷರತ್ತುಗಳಿವೆ

ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಬಿಲ್ ಡೇವಿಸನ್ ಮತ್ತು ಹಾವ್ ಜಾಂಗ್ 1994ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ವಿಧಾನ ಇದು. ಡಿಜಿಟಿ ಅನ್ನುವುದು 'ಡಿಫ್ಯೂಸಿವ್ ಗ್ರೇಡಿಯಂಟ್ಸ್ ಇನ್ ಥಿನ್ ಫಿಲ್ಮ್ಸ್' ಎಂಬುದರ ಚಿಕ್ಕ ಹೆಸರು. ನೋಡಲು ಒಂದು ಪ್ಲಾಸ್ಟಿಕ್ ಬಿಲ್ಲೆ, ಮುಂದೆ 2 ಸೆಂ.ಮೀ. ಅಗಲದ ದುಂಡು ಕಿಟಕಿ. ಕಿಟಕಿಯಲ್ಲಿ ಕಾಣುವುದು ತೆಳು ಫಿಲ್ಟರ್. ಅದರ ಹಿಂದೆ 0.8 ಮಿ.ಮೀ. ದಪ್ಪದ ಜೆಲ್. ಅದರ ಹಿಂದೆ 0.4 ಮಿ.ಮೀ.ನ ಇನ್ನೊಂದು ಜೆಲ್, ಅದರೊಳಗೆ ಕೀಲೆಕ್ಸ್-100 ಅನ್ನುವ ರೆಸಿನ್ ಕಾಳುಗಳು. ಲೋಹ ನೀರಿನಿಂದ ಫಿಲ್ಟರ್ ದಾಟಿ, ಜೆಲ್ಲಿನೊಳಗೆ ನಿಧಾನವಾಗಿ ಹರಡಿಕೊಂಡು ಹೋಗಿ, ರೆಸಿನ್‌ಗೆ ಸಿಕ್ಕಿಬೀಳುತ್ತದೆ. ಸಿಕ್ಕಿದ್ದು ವಾಪಸ್ ಹೋಗುವುದಿಲ್ಲ.

ಇದರ ಜಾಣ್ಮೆ ಇರುವುದು ಆ ನಡುವಿನ ಜೆಲ್ಲಿನಲ್ಲಿ. ಹೊರಗಡೆ ನೀರು ಎಷ್ಟೇ ಜೋರಾಗಿ ಹರಿದರೂ ಜೆಲ್ಲಿನೊಳಗೆ ಲೋಹ ಹರಡುವ ವೇಗ ಬದಲಾಗುವುದಿಲ್ಲ. ಆ ವೇಗ ಎಷ್ಟು ಅಂತ ಪ್ರತಿ ಲೋಹಕ್ಕೂ ಮೊದಲೇ ಅಳೆದು ಪಟ್ಟಿ ಮಾಡಿಟ್ಟಿದ್ದಾರೆ. ಹಾಗಾಗಿ ಪ್ರತಿ ಹೊಳೆಗೂ ಹೊಸದಾಗಿ ಮಾಪನಾಂಕ (ಕ್ಯಾಲಿಬ್ರೇಷನ್) ಕಂಡುಹಿಡಿಯುವ ತಲೆನೋವು ಇಲ್ಲ. ಹಿಡಿದ ಲೋಹವನ್ನು ಜೆಲ್ಲಿನ ದಪ್ಪದಿಂದ ಗುಣಿಸಿ, ಹರಡುವ ವೇಗಾಂಕ, ಸಮಯ, ಕಿಟಕಿಯ ವಿಸ್ತೀರ್ಣ ಮೂರರ ಗುಣಲಬ್ಧದಿಂದ ಭಾಗಿಸಿದರೆ ನೀರಿನ ಸಾಂದ್ರತೆ ಬರುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ನೀರಿನಲ್ಲಿ ತಾಮ್ರ ಲೀಟರಿಗೆ 1 ಮೈಕ್ರೋಗ್ರಾಂ ಇದೆ ಅಂದುಕೊಳ್ಳಿ. ಬಿಲ್ಲೆಯನ್ನು 7 ದಿನ ಬಿಟ್ಟರೆ ಅದು ಸುಮಾರು 120 ನ್ಯಾನೋಗ್ರಾಂ ತಾಮ್ರ ಹಿಡಿಯುತ್ತದೆ. ಅದನ್ನು 1 ಮಿ.ಲೀ. ನೈಟ್ರಿಕ್ ಆಸಿಡ್‌ನಲ್ಲಿ ಬಿಡಿಸಿದರೆ ಆ ಆಸಿಡ್‌ನಲ್ಲಿ ತಾಮ್ರದ ಮಟ್ಟ, ಹಿಡಿದದ್ದೆಲ್ಲವೂ ಬಿಟ್ಟುಬರದಿದ್ದರೂ, ನೀರಿನಲ್ಲಿದ್ದದ್ದರ ಸುಮಾರು 80 ಪಟ್ಟು. ಯಂತ್ರಕ್ಕೆ ಕಾಣದೇ ಹೋಗುತ್ತಿದ್ದ ಲೋಹ ಈಗ ಸ್ಪಷ್ಟವಾಗಿ ಕಾಣುತ್ತದೆ. ಸಮುದ್ರದ ನೀರಿಗೆ ಇನ್ನೂ ಒಂದು ಲಾಭ ಇದೆ. ಉಪ್ಪು ಬಹುಪಾಲು ಹೊರಗೇ ಉಳಿಯುವುದರಿಂದ ಲೋಹ ಅಳೆಯುವ ಐಸಿಪಿ-ಎಂಎಸ್ ಯಂತ್ರಕ್ಕೆ ತೊಂದರೆ ಆಗುವುದಿಲ್ಲ.

ಈಗ ರಾತ್ರಿ ಬಿಟ್ಟ ನೀರಿನ ಮಾತಿಗೆ ಬರೋಣ. ಹೊಳೆಯಲ್ಲಿ ತಾಮ್ರ ಲೀಟರಿಗೆ ಸದಾ 2 ಮೈಕ್ರೋಗ್ರಾಂ ಇರುತ್ತದೆ, ವಾರದಲ್ಲಿ ಒಂದು ರಾತ್ರಿ 6 ಗಂಟೆ ಹೊತ್ತು 100 ಮೈಕ್ರೋಗ್ರಾಂಗೆ ಏರುತ್ತದೆ ಅಂತಿಟ್ಟುಕೊಳ್ಳಿ. ಒಂದು ವಾರ ಬಿಟ್ಟ ಡಿಜಿಟಿ ಸುಮಾರು 5.5 ಅಂತ ತೋರಿಸುತ್ತದೆ. ಬಾಟಲಿ ನೀರು 2 ಅಂತ ಹೇಳಿತ್ತು, ಇದು 5.5 ಹೇಳುತ್ತಿದೆ ಅಂದರೆ ಏನೋ ನಡೆದಿದೆ ಅಂತ ಗೊತ್ತಾಯಿತು. ಆದರೆ ಯಾವತ್ತು, ಎಷ್ಟು ಎತ್ತರಕ್ಕೆ ಏರಿತು ಅನ್ನುವುದು ಗೊತ್ತಾಗಲಿಲ್ಲ. ಸರಾಸರಿಯ ಗುಣವೇ ಅದು. ದಿನ ಹಿಡಿಯಲೇಬೇಕು ಅಂದರೆ ಪ್ರತಿ 24 ಗಂಟೆಗೆ ಬಿಲ್ಲೆ ಬದಲಾಯಿಸಬೇಕು. ಬಿಲ್ಲೆಯ ಖರ್ಚು ಏಳು ಪಟ್ಟು.

ಷರತ್ತುಗಳು ಹೀಗಿವೆ. ಮೊದಲನೆಯದು ನಿಂತ ನೀರು. ಬಿಲ್ಲೆಯ ಮುಖಕ್ಕೆ ಅಂಟಿಕೊಂಡಂತೆ ಅಲುಗಾಡದ ನೀರಿನ ಒಂದು ತೆಳು ಪದರ ಇರುತ್ತದೆ. ಹರಿಯುವ ಹೊಳೆಯಲ್ಲಿ ಅದು ಸುಮಾರು 0.2 ಮಿ.ಮೀ., ಚಿಂತೆ ಇಲ್ಲ. ಗಾಳಿಯಿಲ್ಲದ ಕೆರೆಯಲ್ಲಿ ಅದು 1 ಮಿ.ಮೀ. ಹತ್ತಿರವೂ ಹೋಗಬಹುದು. ಅಂದರೆ ಜೆಲ್ಲಿನಷ್ಟೇ ದಪ್ಪದ ಇನ್ನೊಂದು ಗೋಡೆ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ನಿಮ್ಮ ಉತ್ತರ ನಿಜದ ಅರ್ಧಕ್ಕೆ ಇಳಿದುಬಿಡುತ್ತದೆ. ಪರಿಹಾರ ಇದೆ: ಬೇರೆ ಬೇರೆ ದಪ್ಪದ ಜೆಲ್ ಇರುವ ಮೂರ್ನಾಲ್ಕು ಬಿಲ್ಲೆಗಳನ್ನು ಒಟ್ಟಿಗೆ ಇಟ್ಟು ಆ ಪದರದ ದಪ್ಪವನ್ನೇ ಅಳೆಯುವುದು. ಕೆರೆಯಲ್ಲಿ ಕೆಲಸ ಮಾಡುವವರು ಇದನ್ನು ಬಿಡಬಾರದು.

ಎರಡನೆಯದು ಲೋಳೆ. ನಮ್ಮ ಬೆಚ್ಚಗಿನ, ಚರಂಡಿ ಸೇರಿದ ಕೆರೆಗಳಲ್ಲಿ ಫಿಲ್ಟರ್ ಮೇಲೆ ಪಾಚಿ, ಲೋಳೆ ಬೇಗ ಕಟ್ಟುತ್ತದೆ. ತಂಪು ದೇಶದ ಪ್ರಬಂಧಗಳಲ್ಲಿ ಎರಡು ವಾರ ಬಿಟ್ಟಿದ್ದಾರೆ ಅಂತ ನಾವೂ ಬಿಡುವಂತಿಲ್ಲ. ಅಂಥ ಕೆರೆಯಲ್ಲಿ 3ರಿಂದ 5 ದಿನ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಮೂರನೆಯದು ಪಿಎಚ್. ಸಾಮಾನ್ಯ ಕೆರೆ, ಹೊಳೆಗೆ ತೊಂದರೆ ಇಲ್ಲ. ಗಣಿಯಿಂದ ಸೋರುವ ಹುಳಿ ನೀರಿನಲ್ಲಿ, ಪಿಎಚ್ 5ಕ್ಕಿಂತ ಕೆಳಗೆ, ಕೀಲೆಕ್ಸ್ ಕ್ಯಾಡ್ಮಿಯಂ, ಸತುವಿನಂಥ ಲೋಹಗಳನ್ನು ಸರಿಯಾಗಿ ಹಿಡಿಯುವುದಿಲ್ಲ. ತಾಮ್ರವನ್ನು ಇನ್ನೂ ಕೆಳಗಿನವರೆಗೂ ಹಿಡಿಯುತ್ತದೆ. ಮಲೆನಾಡಿನ ಕೆಲವು ಹಳ್ಳಗಳ ನೀರು ಮಳೆನೀರಿನಷ್ಟು ಮೆದು, ಅಂದರೆ ಲವಣ ತೀರಾ ಕಡಿಮೆ. ಅಂಥ ಕಡೆ ಜೆಲ್ಲನ್ನು ಚೆನ್ನಾಗಿ ತೊಳೆದಿರದಿದ್ದರೆ ಲೆಕ್ಕ ಎಡವಟ್ಟಾಗುತ್ತದೆ.

ನಾಲ್ಕನೆಯದು ತಾಪಮಾನ. ಹರಡುವ ವೇಗ ಪ್ರತಿ ಡಿಗ್ರಿಗೆ ಶೇ. 2ರಿಂದ 3ರಷ್ಟು ಬದಲಾಗುತ್ತದೆ. ಪಕ್ಕದಲ್ಲಿ ಒಂದು ಸಣ್ಣ ತಾಪಮಾನ ಲಾಗರ್ ಕಟ್ಟಿಬಿಡಿ.

ಆರ್ಸೆನಿಕ್ ಬೇಕಾದರೆ ಕೀಲೆಕ್ಸ್ ಬದಲು ಕಬ್ಬಿಣದ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವ ಜೆಲ್ ಕೇಳಿ. ಪಾದರಸಕ್ಕೆ ಗಂಧಕದ ಗುಂಪು ಇರುವ ಸಿಲಿಕಾ ರೆಸಿನ್ ಬೇಕು, ಜೊತೆಗೆ ನಡುವಿನ ಜೆಲ್ ಅಗರೋಸ್‌ದೇ ಆಗಿರಬೇಕು. ಮಾಮೂಲಿ ಪಾಲಿಅಕ್ರಿಲಮೈಡ್ ಜೆಲ್ ಪಾದರಸವನ್ನು ತಾನೇ ಹಿಡಿದುಕೊಂಡುಬಿಡುತ್ತದೆ. ಯಾವ ಲೋಹ ಅಂತ ಹೇಳದೆ "ಡಿಜಿಟಿ ಕಳಿಸಿ" ಅಂತ ಆರ್ಡರ್ ಮಾಡಿ ಕೈಸುಟ್ಟುಕೊಂಡವರು ಇದ್ದಾರೆ.

ಹಾಕುವಾಗ, ತೆಗೆಯುವಾಗ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಯಾವ ಸಾಧನ ಆರಿಸಿದರೂ ಕೊನೆಗೆ ಫಲಿತಾಂಶ ನಿಲ್ಲುವುದು ಈ ಹತ್ತು ನಿಮಿಷದ ಕೈಕೆಲಸದ ಮೇಲೆ.

ನನ್ನ ಮೊದಲ ಕೆಲಸದಲ್ಲಿ ಬಿಲ್ಲೆಗಳನ್ನು ಪ್ಲಾಸ್ಟಿಕ್ ಹಲಗೆಗೆ ಕೂರಿಸಿ, ಹಲಗೆಯನ್ನು ಸೇತುವೆಯ ಕಂಬಕ್ಕೆ ಜಿಐ ತಂತಿಯಿಂದ ಬಿಗಿದೆ. ಗಟ್ಟಿಯಾಗಿ ನಿಲ್ಲಲಿ ಅಂತ. ತಂತಿಯ ಮೇಲೆ ಸತುವಿನ ಲೇಪ ಇದೆ ಅನ್ನುವುದು ಆ ಹೊತ್ತಿಗೆ ಹೊಳೆಯಲಿಲ್ಲ. ಲ್ಯಾಬಿನಿಂದ ವರದಿ ಬಂದಾಗ ಸತು ಮಾತ್ರ ಆಕಾಶ ಮುಟ್ಟಿತ್ತು. ಸೀಸ, ನಿಕ್ಕಲ್ ಎಲ್ಲ ಸಹಜವಾಗಿತ್ತು. ಹದಿನೈದು ಬಿಲ್ಲೆಯ ಸತುವಿನ ಲೆಕ್ಕ ಪೂರ್ತಿ ತೆಗೆದುಹಾಕಬೇಕಾಯಿತು. ಅವತ್ತಿನಿಂದ ಮೀನಿನ ಗಾಳಕ್ಕೆ ಬಳಸುವ ನೈಲಾನ್ ದಾರ, ಪ್ಲಾಸ್ಟಿಕ್ ಟ್ಯಾಗು, ಭಾರಕ್ಕೆ ಒಂದು ಕಲ್ಲು, ಇಷ್ಟೇ. ಕಬ್ಬಿಣ, ತಂತಿ, ಮೊಳೆ ಯಾವುದೂ ಹತ್ತಿರ ಬರಬಾರದು. ಪೌಡರ್ ಹಾಕಿದ ಗ್ಲೌಸ್ ಬೇಡ, ಅದರಲ್ಲೂ ಸತು ಇರಬಹುದು. ಸನ್‌ಸ್ಕ್ರೀನ್ ಹಚ್ಚಿದ ಕೈಯಲ್ಲಿ ಮುಟ್ಟಬೇಡಿ, ಅನೇಕ ಕ್ರೀಮುಗಳಲ್ಲಿ ಸತುವಿನ ಆಕ್ಸೈಡ್ ಇರುತ್ತದೆ.

ಬಿಲ್ಲೆಯನ್ನು ಕೊನೆಯ ನಿಮಿಷದವರೆಗೂ ಜಿಪ್ ಕವರಿನಲ್ಲೇ ಇಡಿ. ಒಳಗೆ ಒಂದೆರಡು ಹನಿ ತೆಳು ಉಪ್ಪುನೀರು ಇರಬೇಕು, ಜೆಲ್ ಒಣಗಬಾರದು. ನೀರಿಗೆ ಇಳಿಸಿದ ಗಳಿಗೆಯನ್ನು ನಿಮಿಷದ ಲೆಕ್ಕದಲ್ಲಿ ಬರೆದುಕೊಳ್ಳಿ. ಕಿಟಕಿ ಪೂರ್ತಿ ಮುಳುಗಿರಬೇಕು, ತಳದ ಕೆಸರಿಗೆ ತಾಗಬಾರದು, ಮುಖದ ಮೇಲೆ ಗಾಳಿಗುಳ್ಳೆ ಕೂರಬಾರದು. ತೆಗೆಯುವಾಗ ಮುಖಕ್ಕೆ ಕೈ ತಾಗಿಸದೆ ಅತಿ ಶುದ್ಧ ನೀರಿನಲ್ಲಿ ಬೇಗ ತೊಳೆದು, ನೀರು ಕೊಡವಿ, ಮತ್ತೆ ಕವರಿಗೆ ಹಾಕಿ, ಐಸ್ ಡಬ್ಬಿಗೆ. ಫ್ರೀಜರಿನಲ್ಲಿ ಇಡಬೇಡಿ, 4 ಡಿಗ್ರಿ ಸಾಕು.

ಲ್ಯಾಬಿನಲ್ಲಿ ಬಿಲ್ಲೆಯ ಮುಚ್ಚಳ ಮುರಿದು, ಫಿಲ್ಟರ್ ಮತ್ತು ಮೇಲಿನ ಜೆಲ್ ಸರಿಸಿದರೆ ತಳದಲ್ಲಿ ರೆಸಿನ್ ಜೆಲ್ ಕಾಣುತ್ತದೆ. ಅದರ ಒಂದು ಮುಖದಲ್ಲಿ ಕಾಳುಗಳು ಸಕ್ಕರೆ ಉದುರಿಸಿದ ಹಾಗೆ ಕೂತಿರುತ್ತವೆ. ಪ್ಲಾಸ್ಟಿಕ್ ಚಿಮಟದಲ್ಲಿ ಅದನ್ನು ಎತ್ತಿ ಸಣ್ಣ ಟ್ಯೂಬಿಗೆ ಹಾಕಿ ಆಸಿಡ್ ಸುರಿಯಿರಿ, ಒಂದು ದಿನ ಬಿಡಿ.

ಹೂಳಿನ ಪ್ರಶ್ನೆಗೆ ಪೀಪರ್

ಕೆಲವರ ಪ್ರಶ್ನೆ ಮೇಲಿನ ನೀರಿನದ್ದಲ್ಲ. ತಳದ ಹೂಳಿನಲ್ಲಿ ಕೂತಿರುವ ಲೋಹ ಮತ್ತೆ ನೀರಿಗೆ ಬರುತ್ತದಾ ಅನ್ನುವುದು ಅವರ ಚಿಂತೆ. ಹೂಳೆತ್ತುವ ಯೋಜನೆ ಇರುವ ಕೆರೆಗಳಲ್ಲಿ ಇದು ತುಂಬಾ ಮುಖ್ಯ. ಕುದುರೆಮುಖದಲ್ಲಿ 2005ರ ಕೊನೆಗೆ ಗಣಿಗಾರಿಕೆ ನಿಂತಿತು, ಆದರೆ ಲಖ್ಯಾ ಅಣೆಕಟ್ಟಿನ ಹಿಂದೆ ಗಣಿಯ ಹೂಳು ಹಾಗೇ ಇದೆ. ಅಂಥ ಜಾಗದಲ್ಲೂ ಕೇಳಬೇಕಾದ ಪ್ರಶ್ನೆ ಇದೇ.

ಇದಕ್ಕೆ ಹಳೆಯ, ನಂಬಿಕಸ್ಥ ಸಾಧನ ಪೀಪರ್. 1976ರಲ್ಲಿ ಹೆಸ್ಲೈನ್ ಅನ್ನುವ ವಿಜ್ಞಾನಿ ವಿವರಿಸಿದ್ದು. ಅಕ್ರಿಲಿಕ್ ಹಲಗೆಯಲ್ಲಿ ಸುಮಾರು ಒಂದೊಂದು ಸೆಂಟಿಮೀಟರಿಗೆ ಒಂದು ಸಣ್ಣ ಗುಂಡಿ. ಗುಂಡಿಗಳಿಗೆ ಶುದ್ಧ ನೀರು ತುಂಬಿ, ಮೇಲೆ ತೆಳು ಪೊರೆ ಹೊದಿಸಿ, ಹಲಗೆಯನ್ನು ಹೂಳಿಗೆ ಚುಚ್ಚುವುದು. ಎರಡರಿಂದ ನಾಲ್ಕು ವಾರದಲ್ಲಿ ಒಳಗಿನ ನೀರು ಮತ್ತು ಹೂಳಿನ ಕಣಗಳ ನಡುವಿನ ನೀರು ಒಂದೇ ಸಮ ಆಗುತ್ತದೆ. ಇದು ವಾರದ ಸರಾಸರಿ ಕೊಡುವುದಿಲ್ಲ, ಕೊನೆಯ ದಿನಗಳ ಸ್ಥಿತಿ ಹೇಳುತ್ತದೆ. ಅಕ್ರಿಲಿಕ್ ಹಲಗೆಯನ್ನು ಒಳ್ಳೆಯ ವರ್ಕ್‌ಶಾಪಿನಲ್ಲಿ ಕೊರೆಸಬಹುದು, ವರ್ಷಗಟ್ಟಲೆ ಬಳಸಬಹುದು. ಹಾಗಾಗಿ ಕೈಗೆಟುಕುವ ಬೆಲೆ.

ಒಂದು ಕೆಲಸ ಮಾತ್ರ ತಪ್ಪಿಸುವಂತಿಲ್ಲ. ಹಾಕುವ ಮೊದಲು ಒಂದು ದಿನವಾದರೂ ನೀರು, ಪ್ಲಾಸ್ಟಿಕ್ ಎರಡರಿಂದಲೂ ಆಮ್ಲಜನಕ ಹೋಗುವಂತೆ ನೈಟ್ರೋಜನ್ ಹಾಯಿಸಬೇಕು. ಇಲ್ಲದಿದ್ದರೆ ಹೂಳಿನ ಕರಗಿದ ಕಬ್ಬಿಣ ಒಳಗೆ ಬಂದು ತುಕ್ಕಾಗಿ ಕೂರುತ್ತದೆ. ಆ ತುಕ್ಕು ಉಳಿದ ಲೋಹಗಳನ್ನೂ ಎಳೆದುಕೊಳ್ಳುತ್ತದೆ. ಹೊರ ತೆಗೆದ ಮೇಲೂ ಅಷ್ಟೇ ಅವಸರ: ಗಾಳಿಗೆ ಒಡ್ಡಿದ ಹಲಗೆಯಿಂದ ಕೆಲವೇ ನಿಮಿಷದಲ್ಲಿ ಎಲ್ಲ ಗುಂಡಿಯ ನೀರನ್ನು ಸಿರಿಂಜಿನಲ್ಲಿ ಹೀರಿ ಆಸಿಡ್ ಹಾಕಬೇಕು. ಇಬ್ಬರಿಲ್ಲದೆ ಆಗುವ ಕೆಲಸ ಅಲ್ಲ.

ಪೀಪರಿನ ತಮ್ಮ ಅನ್ನಬಹುದಾದದ್ದು ಡಿಇಟಿ. ಗುಂಡಿಯ ನೀರಿನ ಬದಲು ತೆಳು ಜೆಲ್ ಪಟ್ಟಿ. ಒಂದೆರಡು ದಿನದಲ್ಲೇ ಸಮ ಆಗುತ್ತದೆ, ಮಿಲಿಮೀಟರ್ ಲೆಕ್ಕದಲ್ಲಿ ಕತ್ತರಿಸಿ ನೋಡಬಹುದು. ಆದರೆ ಪ್ರತಿ ತುಂಡಿನಲ್ಲಿ ಸಿಗುವ ನೀರು ಕೆಲವು ಹನಿ ಮಾತ್ರ. ಕಬ್ಬಿಣ, ಮ್ಯಾಂಗನೀಸ್‌ಗೆ ಚೆನ್ನ. ಕ್ಯಾಡ್ಮಿಯಂನಂಥ ಅತಿ ಕಡಿಮೆ ಇರುವ ಲೋಹಕ್ಕೆ ಸಾಲದು. ಅಲ್ಲಿ ಹೂಳಿಗೆ ಅಂತಲೇ ಮಾಡಿದ ಉದ್ದ ಡಿಜಿಟಿ ಪಟ್ಟಿ ಬೇಕು. ಆ ಪಟ್ಟಿ ಹೇಳುವುದು ಹೂಳಿನ ನೀರಿನಲ್ಲಿ ಎಷ್ಟಿದೆ ಅನ್ನುವುದಷ್ಟನ್ನೇ ಅಲ್ಲ. ತೆಗೆದಷ್ಟೂ ಹೂಳು ಎಷ್ಟು ಬೇಗ ಮತ್ತೆ ತುಂಬಿಕೊಡುತ್ತದೆ ಅನ್ನುವುದೂ ಅದರಲ್ಲಿ ಸೇರಿರುತ್ತದೆ. ಪೀಪರ್ ಮತ್ತು ಡಿಜಿಟಿ ಪಟ್ಟಿ ಅಕ್ಕಪಕ್ಕ ಇಟ್ಟರೆ ಹೂಳಿನ ಕಥೆ ಪೂರ್ತಿ ಸಿಗುತ್ತದೆ. ದುಡ್ಡು ಇದ್ದರೆ ನಾನು ಹಾಗೇ ಮಾಡುತ್ತೇನೆ.

ಕೆಮ್‌ಕ್ಯಾಚರ್ ಯಾರಿಗೆ

ಬ್ರಿಟನ್ನಿನ ಪೋರ್ಟ್ಸ್‌ಮತ್ ಮತ್ತು ಸ್ವೀಡನ್ನಿನ ಸಂಶೋಧಕರು ಸೇರಿ ಬೆಳೆಸಿದ ಸಾಧನ. 47 ಮಿ.ಮೀ. ಅಗಲದ ಡಿಸ್ಕ್, ಮುಂದೆ ಒಂದು ಪೊರೆ. ಲೋಹ ಹಿಡಿಯುವ ಡಿಸ್ಕಿನ ರಸಾಯನ ಕೀಲೆಕ್ಸಿನದ್ದೇ ಜಾತಿ. ಕಿಟಕಿ ದೊಡ್ಡದು, ಹಾಗಾಗಿ ಜಾಸ್ತಿ ಲೋಹ ಹಿಡಿಯುತ್ತದೆ. ಕವಚವನ್ನು ಮತ್ತೆ ಮತ್ತೆ ಬಳಸಬಹುದು.

ಆದರೆ ಡಿಜಿಟಿಯ ಹಾಗೆ ದಪ್ಪ ಜೆಲ್ಲಿನ ಕಾವಲು ಇದಕ್ಕಿಲ್ಲ. ಹೊರಗಿನ ನೀರಿನ ಹರಿವು ಹೆಚ್ಚಾದರೆ ಹಿಡಿಯುವ ವೇಗವೂ ಹೆಚ್ಚಾಗುತ್ತದೆ. ಆದ್ದರಿಂದ ಬೇರೆ ಬೇರೆ ಹರಿವು, ತಾಪಮಾನದಲ್ಲಿ ಲ್ಯಾಬಿನ ತೊಟ್ಟಿಯಲ್ಲಿ ಮೊದಲೇ ಪರೀಕ್ಷಿಸಿದ ಮಾಪನಾಂಕ ಬೇಕು. ಮಳೆಗಾಲದಲ್ಲಿ ಒಂದು ರೀತಿ, ಬೇಸಿಗೆಯಲ್ಲಿ ಇನ್ನೊಂದು ರೀತಿ ಹರಿಯುವ ನಮ್ಮ ಹೊಳೆಗಳಿಗೆ ಇದು ಕಷ್ಟದ ಮಾತು. ನೀವು ಅದೇ ಜಾಗದಲ್ಲಿ ಕೀಟನಾಶಕ, ಔಷಧದ ಉಳಿಕೆಗಳನ್ನೂ ಅಳೆಯುವವರಾದರೆ ಮಾತ್ರ ಇದರ ಲಾಭ ದೊಡ್ಡದು. ಒಂದೇ ಕವಚಕ್ಕೆ ಬೇರೆ ಬೇರೆ ಡಿಸ್ಕ್ ಹಾಕಬಹುದು. ಲೋಹ ಮಾತ್ರ ಸಾಕು ಅನ್ನುವವರು ಡಿಜಿಟಿಯೇ ತೆಗೆದುಕೊಳ್ಳಿ.

ಎಸ್‌ಪಿಎಂಡಿ, ಪೋಸಿಸ್ ಅನ್ನುವ ಹೆಸರುಗಳೂ ಕಿವಿಗೆ ಬೀಳುತ್ತವೆ. ಅವು ಸಾವಯವ ಮಾಲಿನ್ಯಕ್ಕೆ. ಲೋಹಕ್ಕೆ ಕೊಳ್ಳಬೇಡಿ.

ಒಂಟಿ ಅಯಾನು ಮಾತ್ರ ಬೇಕು ಅನ್ನುವವರಿಗೆ ಡಾನನ್ ಪೊರೆಯ ವಿಧಾನ ಇದೆ. ನೆದರ್ಲೆಂಡ್ಸಿನ ವಾಗೆನಿಂಗನ್‌ನಲ್ಲಿ ಬೆಳೆದದ್ದು. ಧನ ಅಯಾನು ಮಾತ್ರ ದಾಟುವ ಪೊರೆಯ ಆಚೆಗೆ ತೆಳು ಕ್ಯಾಲ್ಸಿಯಂ ದ್ರಾವಣ ಇಟ್ಟು ಎರಡೂ ಕಡೆ ಸಮ ಆಗುವವರೆಗೆ, ಅಂದರೆ ಎರಡು ದಿನವೋ ಹೆಚ್ಚೋ, ಕಾಯುತ್ತಾರೆ. ಲೋಹ ಅಲ್ಲಿ ಒಟ್ಟುಗೂಡುವುದಿಲ್ಲ, ಹಾಗಾಗಿ ತೀರಾ ಕಡಿಮೆ ಮಟ್ಟ ಇದ್ದರೆ ಯಂತ್ರಕ್ಕೆ ಕಾಣುವುದಿಲ್ಲ. ವಿಷತ್ವದ ಮಾದರಿಗಳ ಮೇಲೆ ಸಂಶೋಧನೆ ಮಾಡುವವರಿಗೆ ಬಿಟ್ಟರೆ ಉಳಿದವರಿಗೆ ನಾನು ಹೇಳುವುದಿಲ್ಲ.

ಜೀವಿಗಳನ್ನೇ ಕೇಳುವುದು

ಕರಾವಳಿಯವರಿಗೆ ಪಚ್ಚಿಲೆ ಗೊತ್ತೇ ಇದೆ, ಬಂಡೆಗೆ ಕಚ್ಚಿಕೊಂಡಿರುವ ಹಸಿರು ಚಿಪ್ಪಿನದ್ದು. ದಿನವಿಡೀ ನೀರು ಸೋಸುತ್ತಾ ಬದುಕುವ ಜೀವಿ ಅದು. ಸೋಸಿದ ನೀರಿನ ಲೋಹ ಮಾಂಸದಲ್ಲಿ ಸೇರುತ್ತಾ ಹೋಗುತ್ತದೆ. ಎಡ್ವರ್ಡ್ ಗೋಲ್ಡ್‌ಬರ್ಗ್ ಅನ್ನುವ ಸಾಗರ ವಿಜ್ಞಾನಿ 1975ರಲ್ಲಿ ಇಂಥ ಚಿಪ್ಪುಜೀವಿಗಳಿಂದ ಕರಾವಳಿ ಕಾಯುವ ಯೋಚನೆ ಮುಂದಿಟ್ಟರು. ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆ ನೋವಾ 1986ರಿಂದ ಅದನ್ನು ದೊಡ್ಡದಾಗಿ ನಡೆಸಿದೆ. ಯುರೋಪಿನ ತಂಪು ಹೊಳೆಗಳಲ್ಲಿ ಇದೇ ಕೆಲಸಕ್ಕೆ ನೀರಿನ ಹಾವಸೆ ಬಳಸುತ್ತಾರೆ.

ಇದರ ಬಲ ಏನು ಅಂದರೆ ಅಂದಾಜು ಬೇಡ, ಜೀವಿಯ ದೇಹಕ್ಕೆ ನಿಜವಾಗಿ ಹೋದದ್ದೇ ಸಿಗುತ್ತದೆ. ಕಣಗಳ ಜೊತೆ ನುಂಗಿದ ಲೋಹವೂ ಅದರಲ್ಲಿ ಸೇರಿರುತ್ತದೆ, ಡಿಜಿಟಿಗೆ ಅದು ಕಾಣುವುದಿಲ್ಲ. ತಿನ್ನುವ ಪಚ್ಚಿಲೆ ಸುರಕ್ಷಿತವಾ ಅನ್ನುವುದು ಪ್ರಶ್ನೆಯಾದರೆ ಬೇರೆ ದಾರಿಯೇ ಇಲ್ಲ, ಅದನ್ನೇ ಅಳೆಯಬೇಕು. ಆದರೆ ನೀರಿನ ಸಾಂದ್ರತೆ ಎಷ್ಟು ಅಂತ ಇದರಿಂದ ಹೇಳಲಾಗುವುದಿಲ್ಲ. ಗಾತ್ರ, ವಯಸ್ಸು, ಮೊಟ್ಟೆಯಿಡುವ ಕಾಲ ಎಲ್ಲವೂ ಸಂಖ್ಯೆಯನ್ನು ಅಲುಗಾಡಿಸುತ್ತವೆ. ದೇಹಕ್ಕೆ ಬೇಕಾದ ಲೋಹಗಳಾದ ತಾಮ್ರ, ಸತುವನ್ನು ಜೀವಿ ತಾನೇ ಒಂದಿಷ್ಟು ಹತೋಟಿಯಲ್ಲಿ ಇಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ನೇತ್ರಾವತಿ ಅಳಿವೆಗೆ ಸಿಹಿನೀರು ನುಗ್ಗಿದಾಗ ಅವು ಚಿಪ್ಪು ಮುಚ್ಚಿಕೊಂಡು ಕೂತರೆ ಅಳತೆಯೂ ನಿಂತ ಹಾಗೆ.

ದುಡ್ಡಿನ ಲೆಕ್ಕ

ಸಿದ್ಧ ಡಿಜಿಟಿ ಬಿಲ್ಲೆ ಹೊರದೇಶದಿಂದ ತರಿಸಿದರೆ ಒಂದಕ್ಕೇ ಸಾವಿರಗಳ ಲೆಕ್ಕ. ಸಾಗಣೆ, ಸುಂಕ ಬೇರೆ. ಬಿಲ್ಲೆಯ ಖಾಲಿ ಕವಚ ಮಾತ್ರ ತರಿಸಿ ಜೆಲ್ ನೀವೇ ಎರೆದುಕೊಂಡರೆ ಖರ್ಚು ಬಹಳ ಇಳಿಯುತ್ತದೆ. ಕವಚವನ್ನು ಜೋಪಾನವಾಗಿ ಬಿಚ್ಚಿ, ಆಸಿಡ್‌ನಲ್ಲಿ ತೊಳೆದು ಮತ್ತೆ ಬಳಸುವವರೂ ಇದ್ದಾರೆ. ಹೊಸಬರಿಗೆ ನಾನು ಹೇಳುವುದು ಅಗರೋಸ್ ಜೆಲ್. ಬಿಸಿ ನೀರಿನಲ್ಲಿ ಕರಗಿಸಿ ಎರಡು ಗಾಜಿನ ನಡುವೆ ಎರೆದರೆ ಆಯ್ತು. ಪಾಲಿಅಕ್ರಿಲಮೈಡ್‌ನ ಕಚ್ಚಾ ರಾಸಾಯನಿಕ ನರಗಳಿಗೆ ವಿಷ. ಫ್ಯೂಮ್ ಹುಡ್ ಮತ್ತು ಕಲಿಸಿಕೊಡುವವರು ಇಲ್ಲದ ಕಡೆ ಅದಕ್ಕೆ ಕೈ ಹಾಕಬೇಡಿ. ಅಗರೋಸ್ ಬಳಸಿದರೆ ಹರಡುವ ವೇಗಾಂಕವೂ ಅಗರೋಸ್‌ದೇ ತೆಗೆದುಕೊಳ್ಳಬೇಕು, ಮರೆಯಬೇಡಿ.

ಕೆರೆ ಗುಂಪಿನವರಿಗೆ ನನ್ನ ಮಾತು: ಮೊದಲ ವರ್ಷ ಬಾಟಲಿ ನೀರೇ ಸಾಕು. ಬೇರೆ ಬೇರೆ ಹೊತ್ತಿನಲ್ಲಿ, ರಾತ್ರಿಯೂ ಸೇರಿಸಿ, ಹತ್ತಾರು ಸಲ ತುಂಬಿ, ಮಾನ್ಯತೆ ಇರುವ ಲ್ಯಾಬಿಗೆ ಕೊಡಿ. ಸಂಖ್ಯೆಗಳು ಏರಿಳಿತ ಮಾಡಿದರೆ ಹತ್ತಿರದ ಕಾಲೇಜಿನವರ ಜೊತೆ ಸೇರಿ ಡಿಜಿಟಿಗೆ ಹೋಗಿ. ಎಂ.ಎಸ್ಸಿ. ಪ್ರಾಜೆಕ್ಟಿಗೆ ಆರು ತಿಂಗಳು ಮಾತ್ರ ಇದ್ದರೆ ಹರಿಯುವ ನೀರು ಆರಿಸಿಕೊಳ್ಳಿ, ನಿಂತ ಕೆರೆಯ ತೊಡಕು ಬೇಡ. ಡಿಜಿಟಿ ಮತ್ತು ಸೋಸಿದ ಬಾಟಲಿ ನೀರು ಎರಡನ್ನೂ ಒಂದೇ ಜಾಗದಲ್ಲಿ ಮಾಡಿ. ಎರಡರ ನಡುವಿನ ವ್ಯತ್ಯಾಸ ಬರೀ ದೋಷ ಅಲ್ಲ. ಬಿಗಿಯಾಗಿ ಬೆಸೆದುಕೊಂಡ ಲೋಹದ ಪಾಲು ಅದರಲ್ಲೇ ಅಡಗಿರುತ್ತದೆ. ಒಳ್ಳೆಯ ಪ್ರಬಂಧಕ್ಕೆ ಅಷ್ಟು ಸಾಕು. ಪಿಎಚ್‌.ಡಿ.ಯವರಿಗೆ ಸಮಯ ಇದೆ, ಹೂಳಿಗೆ ಇಳಿಯಬಹುದು.

ಕೈಯಲ್ಲಿ ಹನ್ನೆರಡೇ ಬಿಲ್ಲೆ ಇದೆ ಅಂದುಕೊಳ್ಳಿ. ಹನ್ನೆರಡು ಜಾಗಕ್ಕೆ ಹಂಚುವ ಆಸೆ ಆಗುತ್ತದೆ, ನನಗೂ ಆಗುತ್ತಿತ್ತು. ಹಾಗೆ ಮಾಡಬೇಡಿ. ಮೂರೇ ಜಾಗ ಆರಿಸಿ, ಪ್ರತಿ ಜಾಗಕ್ಕೆ ಮೂರು ಬಿಲ್ಲೆ ಹಾಕಿ. ಒಂದು ಹರಿದುಹೋದರೂ, ಏಡಿ ಕಚ್ಚಿದರೂ ಇನ್ನೆರಡು ಉಳಿಯುತ್ತವೆ. ಮಿಕ್ಕ ಮೂರು ಬ್ಲ್ಯಾಂಕ್, ಅಂದರೆ ನೀರಿನಿಂದಲ್ಲದೆ ಬೇರೆ ಕಡೆಯಿಂದ ಎಷ್ಟು ಲೋಹ ಅಂಟಿತು ಅಂತ ನೋಡುವ ಬಿಲ್ಲೆಗಳು. ಅವನ್ನೂ ಹೊಳೆಯ ದಡದವರೆಗೆ ಒಯ್ದು, ಉಳಿದವುಗಳನ್ನು ತೆರೆದಷ್ಟೇ ಹೊತ್ತು ತೆರೆದು, ನೀರಿಗೆ ಇಳಿಸದೆ ಮತ್ತೆ ಕವರಿಗೆ ಹಾಕಿ ತನ್ನಿ. ಉಳಿದವುಗಳ ಜೊತೆಗೇ ಆಸಿಡ್‌ಗೆ ಹಾಕಿ, ಅದೇ ದಿನ ಅದೇ ಯಂತ್ರದಲ್ಲಿ ಓದಿಸಿ. ಮೂರರಲ್ಲೂ ಬಂದ ಸತು, ಸೀಸ ಎಷ್ಟು ಅಂತ ಬರೆದಿಟ್ಟುಕೊಂಡು, ಹೊಳೆಯ ಬಿಲ್ಲೆಗಳ ಲೆಕ್ಕವನ್ನು ಆಮೇಲೆ ಶುರು ಮಾಡಿ.